ಗಿಣಿಯ ಸಾವಿನ ತಾಲೀಮು

ಮೇ 11

ಡಾಕ್ಟ್ರಮ್ಮನಿಗೆ,

ಮಂಚದ ಮೇಲಿಂದ ನಿನ್ನ ಅಜ್ಜಿ ಬರೆಯುತ್ತಿರುವುದು. ಅಕ್ಷರ ಸೊಟ್ಟಗಿದ್ದರೆ ಮೂರನೇ ಕ್ಲಾಸಿಗೇ ಬಿಟ್ಟ ಸ್ಕೂಲನ್ನು ಬೈಯಬೇಡ, ಮಲಗಿಕೊಂಡು ಬರೆದರೆ ಯಾರದ್ದಾದರೂ ಹೀಗೇ ಇರುತ್ತದೆ. ಸೊಂಟದ ಮೂಳೆಗೆ ಸರಳು ಹಾಕಿದ ಡಾಕ್ಟರು ಮೂರ್ನಾಲ್ಕು ತಿಂಗಳು ಮೆಟ್ಟಿಲ ಕಡೆ ತಲೆ ಹಾಕಬೇಡಿ ಎಂದಿದ್ದಾರೆ. ಜೊತೆಗೆ ಎದೆಯ ಮಾತ್ರೆಯನ್ನೂ ಹೆಚ್ಚಿಸಿದ್ದಾರೆ. ಸಿಟಿಯ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ನಿನ್ನಪ್ಪ, ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ ಮಾಡಿದ್ದಾನೆ. ಕೇಳಿದರೆ, "ಗಾಳಿ ಚೆನ್ನಾಗಿ ಬರುತ್ತಲ್ಲಮ್ಮ" ಅನ್ನುತ್ತಾನೆ. ಬರುತ್ತೆ, ಬರುತ್ತೆ. ಗಾಳಿಗೆ ಮೆಟ್ಟಿಲು ಬೇಕಾಗಿಲ್ಲವಲ್ಲ.

ಎಮರ್ಜೆನ್ಸಿ ವಾರ್ಡಿಗೆ ಹೋಗಲು ತಯಾರಾಗುತ್ತಿದ್ದೇನೆ ಎಂದು ನೀನು ಬರೆದಿದ್ದೆ. ಹೊಲಿಗೆ ಕಲಿಯಲು ಸ್ಪಂಜನ್ನು ಹೊಲಿಯುತ್ತೀಯಂತೆ. ನನ್ನ ದಿಂಬಿನ ಚೀಲಕ್ಕೆ ಒಂದು ಗುಂಡಿ ಹಾಕು ಅಂದರೆ ಬೆರಳಿಗೆ ಚುಚ್ಚಿಕೊಂಡು ಅತ್ತವಳು ನೀನು. ಆ ಸ್ಪಂಜಿನ ಗತಿ ನೆನೆದು ಪಾಪ ಅನ್ನಿಸಿತು. ಬಂದವರಿಗೆಲ್ಲ ಕೆಂಪು, ಹಳದಿ, ಹಸಿರು ಪಟ್ಟಿ ಕಟ್ಟಿ ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುತ್ತೀರಂತಲ್ಲ, ನನ್ನನ್ನು ಯಾವುದಕ್ಕೆ ಹಾಕುತ್ತೀ? ಕಾಯಬಹುದಾದವರ ಹಸಿರಿಗೆ ಹಾಕಿದೆಯೋ, ಇದ್ದ ಕಡೆಯಿಂದಲೇ ಕೂಗಿ ವಾರ್ಡು ಎಬ್ಬಿಸುತ್ತೇನೆ.

ಫೋನ್ ಮಾಡಬೇಡ. ಫೋನಿನ ಮಾತು ನನ್ನ ಕಿವಿಗೆ ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದ ಹಾಗೆ ಕೇಳುತ್ತದೆ. ನನ್ನ ತಂಗಿಯದೂ ಅದೇ ಪಾಡು. ನಾವಿಬ್ಬರು ಫೋನ್ ಹಿಡಿದರೆ "ಆಂ? ಆಂ?" ಬಿಟ್ಟು ಬೇರೆ ಮಾತಿಲ್ಲ. ಅವಳಿಗೆ ಅಕ್ಷರವೂ ಬಾರದು. ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು ಅಂತ ಗಿಣಿ ಎಂದು ಹೆಸರಿಟ್ಟವಳು ನಾನೇ. ನೀನು ಭಾನುವಾರ ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗುತ್ತೀಯಲ್ಲ, ಅಕ್ಕತಂಗಿಯರ ನಡುವಿನ ಅಂಚೆ ಇನ್ನು ನೀನೇ. ಅವಳು ಆಡಿದ್ದನ್ನು ಆಡಿದ ಹಾಗೇ ಬರೆ. ನಿನ್ನ ಓದಿನ ಇಸ್ತ್ರಿ ಹಾಕಬೇಡ.

ಮಂಚಕ್ಕೆ ಅಂಟಿಕೊಂಡ
ನಿನ್ನ ಅಜ್ಜಿ

&nbsp;

ಮೇ 29

ಅಜ್ಜಿ,

ಕಾಗದ ತಡವಾಯಿತು. ಆಗಸ್ಟಿನಿಂದ ಎಮರ್ಜೆನ್ಸಿ ಪೋಸ್ಟಿಂಗ್. ಅಭ್ಯಾಸದ ಬೊಂಬೆಯ ಎದೆ ಒತ್ತಿ ಒತ್ತಿ ಮಣಿಕಟ್ಟು ನೋಯುತ್ತಿದೆ. ಇಸಿಜಿಯ ಗೀಟುಗಳು ಕನಸಿನಲ್ಲೂ ಓಡುತ್ತವೆ. ಮೊದಲು ಉಸಿರು ನೋಡು, ಆಮೇಲೆ ರಕ್ತ ನೋಡು, ಉಳಿದದ್ದು ಆಮೇಲೆ ಎಂದು ಬಾಯಿಪಾಠ ಮಾಡುತ್ತೇವೆ. ಅದೆಲ್ಲ ಹೇಗೋ ಆಗುತ್ತದೆ. ಆಗದೇ ಇರುವುದು ಒಂದೇ. ರೋಗಿ ಸತ್ತರೆ ಹೊರಗೆ ಕಾಯುವವರಿಗೆ ಹೇಳುವುದು.

ಅದಕ್ಕೂ ಪರೀಕ್ಷೆ ಇದೆ. ಲ್ಯಾಬಿನ ಅಟೆಂಡರ್ ಸತ್ತವನ ಅಣ್ಣನಾಗಿ ಕೂರುತ್ತಾರೆ, ನಾವು ಹೋಗಿ ಹೇಳಬೇಕು. "ಸತ್ತರು" ಎಂಬ ಮಾತು ಬಾಯಿಂದ ಬರಲೇಬೇಕು, ಸುತ್ತಿ ಬಳಸಬಾರದು ಅನ್ನುತ್ತಾರೆ ಮೇಡಂ. ನಾನು "ತುಂಬಾ ಪ್ರಯತ್ನ ಪಟ್ಟೆವು, ಸ್ಥಿತಿ ಗಂಭೀರವಾಯಿತು, ದೇಹ ಸ್ಪಂದಿಸಲಿಲ್ಲ" ಅಂದೆ. ಅಟೆಂಡರ್ ಒಂದಿಷ್ಟೂ ನಗದೆ ಕೇಳಿದರು, "ಹಾಗಾದ್ರೆ ಮನೆಗೆ ಯಾವಾಗ ಕರ್ಕೊಂಡು ಹೋಗ್ಬಹುದು ಡಾಕ್ಟ್ರೇ?" ಇಡೀ ಕ್ಲಾಸು ನಕ್ಕಿತು. ನನಗೆ ಅಳು ಬಂತು. ಜುಲೈ ಕೊನೆಗೆ ಇನ್ನೊಂದು ಸಲ ಅವಕಾಶ ಕೊಡುತ್ತಾರೆ. ಅದರಲ್ಲೂ ಬಾಯಿ ಕಟ್ಟಿದರೆ ಪೋಸ್ಟಿಂಗ್ ಇಲ್ಲ.

ಚಿಕ್ಕಜ್ಜಿ ಚೆನ್ನಾಗಿದ್ದಾರೆ. ನಿನ್ನನ್ನು ಕೇಳಿದರು.

ಮಾತ್ರೆ ತಪ್ಪಿಸಬೇಡ.

ನಿನ್ನ ಮೊಮ್ಮಗಳು

&nbsp;

ಜೂನ್ 7

ಅಳುಮುಂಜಿ ಡಾಕ್ಟ್ರಮ್ಮನಿಗೆ,

ಆ ಅಟೆಂಡರಿಗೆ ನನ್ನ ನಮಸ್ಕಾರ ತಿಳಿಸು. ಓದಿ ನಕ್ಕು ಸೊಂಟದ ಸರಳು ಅಲ್ಲಾಡಿತು. ಆಮೇಲೆ ನಗು ನಿಂತಿತು, ಯಾಕೆಂದರೆ ಅವನು ಕೇಳಿದ್ದು ತಮಾಷೆಯಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಕೇಳುವವನು ತನಗೆ ಬೇಕಾದ ಕಡೆಗೇ ಬೆಳಕು ಮಾಡಿಕೊಳ್ಳುತ್ತಾನೆ.

ನಿನ್ನ ತಾತ ಸತ್ತ ದಿನ ಅವರ ಆಫೀಸಿನವರಿಬ್ಬರು ಬಂದು "ಸ್ವಲ್ಪ ಸುಸ್ತಾಗಿದೆ, ಆಸ್ಪತ್ರೆಗೆ ಬನ್ನಿ" ಎಂದರು. ನಾನು ಫ್ಲಾಸ್ಕಿಗೆ ಬಿಸಿ ಹಾಲು ತುಂಬಿಸಿಕೊಂಡೆ, ಒಂದು ಜೊತೆ ಬಟ್ಟೆ ಇಟ್ಟುಕೊಂಡೆ. ದಾರಿಯುದ್ದಕ್ಕೂ ಅವರಿಬ್ಬರೂ ಕಿಟಕಿಯ ಆಚೆ ನೋಡುತ್ತಿದ್ದರು. ಶವಾಗಾರದ ಬಾಗಿಲಲ್ಲಿ ಹಾಲು ಹಿಡಿದುಕೊಂಡು ನಿಂತ ಹೆಂಗಸನ್ನು ನೋಡಿದ್ದೀಯಾ? ಅವತ್ತೇ ಮನೆಯವರಿಗೆಲ್ಲ ಹೇಳಿದೆ, ಇನ್ನು ಮುಂದೆ ನನಗೆ ಯಾವ ಸುದ್ದಿಯನ್ನೂ ಸೋಸಿ ಕೊಡಬೇಡಿ, ಗಷ್ಟು ಸಮೇತ ಕುಡಿಯುತ್ತೇನೆ ಎಂದು. ನಿನ್ನಪ್ಪ ಆಗ ತಲೆ ಆಡಿಸಿದ್ದ.

ಸರಿ, ಅಭ್ಯಾಸಕ್ಕೆ ನಿನಗೊಬ್ಬಳು ಬೇಕು, ನನಗೆ ಮಾಡಲು ಕೆಲಸವಿಲ್ಲ. ನನ್ನ ಮೇಲೆ ಕಲಿ. ನನಗೆ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆ, ನಾನು ಮಾರ್ಕು ಹಾಕುತ್ತೇನೆ. ಯಾರನ್ನು ಸಾಯಿಸೋಣ? ಗೊತ್ತಿಲ್ಲದವರು ಸತ್ತರೆ ನನಗೆ ಅಳು ಬರುವುದಿಲ್ಲ. ಗಿಣಿಯನ್ನೇ ಇಟ್ಟುಕೋ. ಬದುಕಿರುವವರನ್ನು ಸತ್ತರು ಅಂದರೆ ಆಯಸ್ಸು ಹೆಚ್ಚುತ್ತದೆ ಅನ್ನುತ್ತಾರೆ, ಅವಳಿಗೂ ಲಾಭ.

ಅಂದ ಹಾಗೆ ಅವಳ ಬಗ್ಗೆ ಒಂದೇ ಸಾಲು ಬರೆದಿದ್ದೀಯಲ್ಲ? ಗಿಣಿ ಒಂದು ಸಾಲಿಗೆ ಹಿಡಿಸುವ ಹೆಂಗಸಲ್ಲ. ಆಡಿದ ಹಾಗೇ ಬರೆ ಅಂದಿದ್ದೆ. ಓದಿನ ಗಡಿಬಿಡಿ ಅಂತ ಈ ಸಲ ಬಿಟ್ಟಿದ್ದೇನೆ.

ನಿನ್ನ ಅಜ್ಜಿ

&nbsp;

ಜೂನ್ 15

ಅಜ್ಜಿ,

ಚಿಕ್ಕಜ್ಜಿ ಬೇಡ. ಬೇರೆ ಯಾರನ್ನಾದರೂ ಇಟ್ಟುಕೊಳ್ಳೋಣ. ನಿಮ್ಮ ಕೆಳಗಿನ ಮನೆಯ ಡ್ರೈವರ್ ಆಗಬಹುದು. ಇಲ್ಲದಿದ್ದರೆ ಈ ಆಟವೇ ಬೇಡ, ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತೇನೆ.

ಕಾಲು ಆಡಿಸಲು ಬರುವ ನರ್ಸಿನ ಜೊತೆ ಜಗಳ ಆಡಬೇಡ ಎಂದು ಅಮ್ಮ ಹೇಳಿದರು.

ನಿನ್ನ ಮೊಮ್ಮಗಳು

&nbsp;

ಜೂನ್ 21

ಪುಕ್ಕಲಿಗೆ,

ಕೆಳಗಿನ ಮನೆಯ ಡ್ರೈವರ್ ಸತ್ತರೆ ನಾನು ಅಳುವುದಿಲ್ಲ, ಅವನ ಗಾಡಿಯ ಹಾರನ್ ನಿಂತಿತು ಎಂದು ಕಾಲು ಚಾಚಿ ಮಲಗುತ್ತೇನೆ. ಅದು ಪರೀಕ್ಷೆಯಾ? ಕನ್ನಡಿಯ ಮುಂದೆ ಹೇಳಿದರೆ ಕನ್ನಡಿ ಏನು ಎದೆ ಬಡಿದುಕೊಳ್ಳುತ್ತದಾ? ಬೆಂಕಿ ಮುಟ್ಟದೆ ಅಡುಗೆ ಕಲಿತವರಿಲ್ಲ. ನನ್ನ ಮುಂದೆ, ನನ್ನ ಗಿಣಿಯ ಬಗ್ಗೆ ಹೇಳಲು ಆದರೆ ಇನ್ನು ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೀ.

ಬರೆ. ಇದು ನಿನ್ನ ಅಜ್ಜಿಯ ಹಟ.

ಅಜ್ಜಿ

&nbsp;

ಜುಲೈ 2

ಅಜ್ಜಿ,

ನೀನು ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಮಲಗಿದ್ದರೆ ಸ್ವಲ್ಪ ಎದ್ದು ದಿಂಬಿಗೆ ಒರಗಿಕೋ. ಮನೆಯಲ್ಲಿ ಯಾರಾದರೂ ಇದ್ದರೆ ಹತ್ತಿರ ಕರೆದುಕೋ. ನಿನಗೆ ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ.

ಚಿಕ್ಕಜ್ಜಿ ಸತ್ತುಹೋದರು.

ಅವರ ಎದೆಯಲ್ಲಿ ನೀರು ತುಂಬಿಕೊಂಡಿತ್ತು. ಮಾಡಬೇಕಾದದ್ದನ್ನು ಮಾಡಿದರು, ಉಳಿಸಿಕೊಳ್ಳಲು ಆಗಲಿಲ್ಲ. ಹೋಗುವಾಗ ನೋವಿರಲಿಲ್ಲ. ನಿದ್ದೆಯಲ್ಲೇ ಉಸಿರು ನಿಂತಿತು. ನಾನು ಪಕ್ಕದಲ್ಲಿದ್ದೆ, ಅವರ ಕೈ ನನ್ನ ಕೈಯಲ್ಲಿತ್ತು. ಕೈ ಬೆಚ್ಚಗಿತ್ತು ಅಜ್ಜಿ, ತುಂಬಾ ಹೊತ್ತು ಬೆಚ್ಚಗೇ ಇತ್ತು.

ನೀನು ಏನು ಕೇಳಬೇಕಾದರೂ ಕೇಳು. ಬೈಯಬೇಕಾದರೆ ಬೈಯಿ. ನಾನು ಎಲ್ಲೂ ಹೋಗುವುದಿಲ್ಲ.

ನಿನ್ನ ಮೊಮ್ಮಗಳು

&nbsp;

ಜುಲೈ 10

ಈ ಕಾಗದದ ಮೇಲೆ ಹೆಸರು ಹಾಕಿಲ್ಲ. ಯಾರಿಗೆ ಬರೆಯುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲ.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಈ ಮನೆಯಲ್ಲಿ ಯಾರಾದರೂ ಒಬ್ಬರು ಹಾಗೆ ಹೇಳಬೇಕಲ್ಲ.

ನಿನ್ನ ಕಾಗದ ಬಂದಾಗ ನಿನ್ನಮ್ಮ ನನ್ನ ಮಂಚದ ಕಾಲ್ದೆಸೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ಮೊದಲು ನನ್ನಷ್ಟಕ್ಕೆ ಓದಿಕೊಂಡೆ. ಕೈ ಬೆಚ್ಚಗಿತ್ತು ಅನ್ನುವ ಕಡೆ ಕನ್ನಡಕ ತೆಗೆದು ಒರೆಸಿಕೊಂಡೆ. ಭಲೇ ನನ್ನ ಮಗಳೇ, ಅಟೆಂಡರು ಇನ್ನು ಬಾಯಿ ಬಿಡುವ ಹಾಗಿಲ್ಲ ಅಂದುಕೊಂಡೆ. ಮನಸ್ಸಿನಲ್ಲೇ ಮಾರ್ಕೂ ಹಾಕಿಬಿಟ್ಟೆ. ಇವಳನ್ನೂ ಅಳಿಸೋಣ ಅನ್ನಿಸಿ, "ಕೇಳು ಇಲ್ಲಿ, ನಿನ್ನ ಮಗಳು ಏನು ಬರೆದಿದ್ದಾಳೆ" ಎಂದು ಜೋರಾಗಿ ಓದಿದೆ.

ನಿನ್ನಮ್ಮ ಟವಲ್ಲು ಕೆಳಗೆ ಹಾಕಿ ಮಂಚದ ತುದಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಅಂತೂ ಹೇಳಿದಳಲ್ಲ ಅತ್ತೆ. ನನ್ನ ಎದೆ ಮೇಲಿಂದ ಬಂಡೆ ಇಳೀತು" ಎಂದಳು.

ನಾನು, "ಅಯ್ಯೋ, ನೀನು ಮಗಳಿಗಿಂತ ಚೆನ್ನಾಗಿ ಆಡ್ತೀಯಲ್ಲೇ" ಎಂದೆ. ನಗುತ್ತಾ ಎಂದೆ ಕಣೇ.

ಅವಳಿಗೆ ಅದು ಕೇಳಿಸಲೇ ಇಲ್ಲ. "ಆದ್ರೆ ನಿದ್ದೆಯಲ್ಲಿ ಅಂತ ಯಾಕೆ ಬರೆದಳೋ. ವಾರ ಪೂರ್ತಿ ಆಸ್ಪತ್ರೆಯಲ್ಲಿ ನರಳಿದ್ರು ಪಾಪ. ಕೊನೇ ತನಕ ಅಕ್ಕ ಬಂದಳಾ, ಅಕ್ಕ ಬಂದಳಾ ಅಂತ ಬಾಗಿಲ ಕಡೆಗೇ ನೋಡ್ತಿದ್ರಂತೆ."

"ಯಾರು?" ಎಂದೆ.

"ಚಿಕ್ಕತ್ತೆ."

"ಯಾವಾಗ?"

"ಮೇ ತಿಂಗಳಲ್ಲೇ ಅಲ್ವಾ ಅತ್ತೆ..." ಎಂದವಳು ನನ್ನ ಮುಖ ನೋಡಿದಳು. ಕಾಗದ ನೋಡಿದಳು. "ಇದರಲ್ಲಿ ಬರೆದಿದ್ದಾಳಲ್ಲ?"

"ಅದು ಆಟ ಕಣೇ" ಎಂದೆ.

ಅವಳು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಸಂಜೆ ನಿನ್ನಪ್ಪ ಟೂಲ್ಸ್ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಹೆಂಡತಿಯ ಕಣ್ಣು ನೋಡಿದವನಿಗೆ ಗೊತ್ತಾಯಿತು. "ಡಾಕ್ಟರು ಆಘಾತ ಆಗಬಾರದು ಅಂದಿದ್ರಮ್ಮ. ನಿನ್ನ ಎದೆ ತಡೆಯಲ್ಲ ಅಂತ."

"ಈಗ ಆಯ್ತಲ್ಲ ಆಘಾತ. ಸತ್ತೆನಾ? ನಾಡಿ ಹಿಡಿದು ನೋಡು."

"ಆ ಕಾಲಿಟ್ಟುಕೊಂಡು ಮೂರು ಮಹಡಿ ಹೇಗಮ್ಮ ಇಳಿಸೋದು ನಿನ್ನ?"

"ಆ ಕಬ್ಬಿಣದ ಬೀರು ಹೇಗೋ ಹತ್ತಿಸಿದೆ? ನಾಲ್ಕು ಜನ ಹಿಡಿದ್ರಲ್ಲ. ನಾನು ಬೀರುಗಿಂತ ಭಾರವಾ?"

ಅವನು ಚೀಲ ಇಳಿಸದೆ ಅಲ್ಲೇ ನಿಂತಿದ್ದ. ಅವನನ್ನು ಬಿಡು. ಅವನು ಹುಟ್ಟು ಪುಕ್ಕಲ, ಅಳುವವರನ್ನು ಕಂಡರೆ ಓಡುತ್ತಾನೆ. ಅವನ ಮೇಲೆ ಸಿಟ್ಟಿದೆ, ಆಶ್ಚರ್ಯವಿಲ್ಲ.

ನಿನ್ನ ಮೇಲೆ ಏನಿದೆ ಎಂದು ಹೇಳಲು ನನಗೆ ಮಾತು ಸಿಗುತ್ತಿಲ್ಲ. ನನಗೇ ಮಾತು ಸಿಗುತ್ತಿಲ್ಲ ಎಂದರೆ ಯೋಚಿಸು.

ಮೇ ತಿಂಗಳ ಕಾಗದ ಹುಡುಕಿ ತೆಗೆದೆ. "ಚಿಕ್ಕಜ್ಜಿ ಚೆನ್ನಾಗಿದ್ದಾರೆ. ನಿನ್ನನ್ನು ಕೇಳಿದರು." ಕೇಳಿದಳು, ನಿಜ. ಬಾಗಿಲು ನೋಡಿ ನೋಡಿ ಕೇಳಿದಳು. ನೀನು ಆ ಮಾತಿಗೆ ಇಸ್ತ್ರಿ ಹಾಕಿ, ಮಡಚಿ, ನನಗೆ ಕಳಿಸಿದೆ. ಫ್ಲಾಸ್ಕಿನ ಕಥೆ ನಾನು ಬರೆದಾಗ ನನ್ನ ಗಿಣಿ ಆಗಲೇ ಇರಲಿಲ್ಲ. ಅದನ್ನು ಓದಿಯೂ ನೀನು ಕಿಟಕಿಯ ಆಚೆ ನೋಡಿದೆ. ಆಫೀಸಿನವರಾದರೂ ಹೊರಗಿನವರು.

ಅವಳ ಸಾವನ್ನು ನಾನೇ ನನ್ನ ಕೈಯಾರೆ ನಿನಗೆ ಆಟಕ್ಕೆ ಕೊಟ್ಟೆ. ಆಯಸ್ಸು ಹೆಚ್ಚುತ್ತದೆ ಎಂದು ಜೋಕು ಬೇರೆ ಮಾಡಿದೆ. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ಕೊಯ್ಯುವಾಗ ಕತ್ತಿ ಎಷ್ಟು ಹರಿತ ಅಂತ ನನ್ನಿಂದಲೇ ಮಾರ್ಕು ಹಾಕಿಸಿಕೊಂಡೆ.

ಈ ಕಾಗದವನ್ನು ನಿನ್ನಪ್ಪನ ಕೈಗೆ ಕೊಡುವುದಿಲ್ಲ. ಕಾಲು ಆಡಿಸುವ ನರ್ಸು ಅಂಚೆ ಡಬ್ಬಿಗೆ ಹಾಕುತ್ತಾಳೆ. ಅವಳು ನನ್ನ ಹತ್ತಿರ ಜಗಳ ಆಡುತ್ತಾಳೆ, ಸುಳ್ಳು ಹೇಳುವುದಿಲ್ಲ.

ವಾರ ಪೂರ್ತಿ ಏನಾಯಿತು? ಅಷ್ಟು ಬರೆ. ಸೋಸಬೇಡ.

ಅಜ್ಜಿ

&nbsp;

ಜುಲೈ 16

ಅಜ್ಜಿ,

ಸೋಸದೆ ಬರೆಯುತ್ತಿದ್ದೇನೆ.

ಚಿಕ್ಕಜ್ಜಿಗೆ ಉಸಿರು ಕಟ್ಟಿತು ಎಂದು ಅವರ ಮಗ ನಮ್ಮ ಆಸ್ಪತ್ರೆಗೇ ಕರೆದುಕೊಂಡು ಬಂದರು. ಮೂಗಿಗೆ ನಳಿಗೆ ಹಾಕಿದ್ದರು, ಮಲಗಲು ಆಗುತ್ತಿರಲಿಲ್ಲ, ಕೂತೇ ಇರುತ್ತಿದ್ದರು. ಕ್ಲಾಸು ಮುಗಿದ ಕೂಡಲೇ ನಾನು ಅಲ್ಲೇ ಇರುತ್ತಿದ್ದೆ. ಮೊದಲ ದಿನವೇ ಅಪ್ಪನಿಗೆ ಫೋನ್ ಮಾಡಿ ಅಜ್ಜಿಯನ್ನು ಕರೆದುಕೊಂಡು ಬನ್ನಿ ಅಂದೆ. ಆಗಲ್ಲ, ನೀನೂ ಕಾಗದದಲ್ಲಿ ಬಾಯಿ ಬಿಡಬೇಡ, ಅಜ್ಜಿಗೆ ಏನಾದರೂ ಆದರೆ ನಿನ್ನಿಂದಲೇ ಆಗುತ್ತೆ ಅಂದರು. ನಾನು ಹೆದರಿದೆ. ಇನ್ನೊಂದು ಸಲ ಕೇಳಲೇ ಇಲ್ಲ.

ಅಮ್ಮ ಹೇಳದೇ ಇದ್ದದ್ದು ಒಂದಿದೆ. ಚಿಕ್ಕಜ್ಜಿ "ಅಕ್ಕ ಬಂದಳಾ" ಎಂದು ಕೇಳಿದಾಗಲೆಲ್ಲ "ನಾಳೆ ಬರ್ತಾರೆ" ಎಂದು ಹೇಳುತ್ತಿದ್ದವಳು ನಾನು. ಕೊನೆಯ ದಿನ ಅವರು, "ನಿನ್ನ ನಾಳೆ ಸಿಕ್ಕಾಪಟ್ಟೆ ಉದ್ದ ಕಣೇ" ಅಂದರು. ಆಮೇಲೆ ಕೇಳಲಿಲ್ಲ.

ಆಟದ ನೆಪದಲ್ಲಿ ಮೊದಲು ಕಾಗದದಲ್ಲಿ ಬರೆದು, ರಜೆಗೆ ಬಂದಾಗ ಅದು ನಿಜ ಎಂದು ಹೇಳೋಣ ಅಂದುಕೊಂಡಿದ್ದೆ. ಅಲ್ಲೂ ನಿದ್ದೆಯಲ್ಲಿ ಎಂದು ಸುಳ್ಳು ಸೇರಿಸಿದೆ. ಕಾರಣ ಕೇಳಿದರೆ ಹೇಳಲು ಏನೂ ಇಲ್ಲ.

ನಿನ್ನ ಮೊಮ್ಮಗಳು

&nbsp;

ಜುಲೈ 24

ಅವಳಿಗೂ ಸುಳ್ಳು, ನನಗೂ ಸುಳ್ಳು. ಅವಳು ನನ್ನನ್ನು ಬೈದುಕೊಂಡು ಹೋಗಿರುತ್ತಾಳೆ, ಕರೆದರೂ ಬರಲಿಲ್ಲ ಅಕ್ಕ ಎಂದು. ಹಾಗಲ್ಲ ಕಣೇ ಗಿಣಿ ಎಂದು ಹೇಳಲು ಈಗ ನನಗೆ ಯಾವ ಅಂಚೆಯೂ ಇಲ್ಲ.

ಪರೀಕ್ಷೆ ಬರೆದುಕೋ. ಪಾಸಾಗು, ಆಗದಿರು. ಇನ್ನು ನನಗೆ ಕಾಗದ ಹಾಕಬೇಡ.

ಅಜ್ಜಿ

&nbsp;

ಸೆಪ್ಟೆಂಬರ್ 19

ಅಜ್ಜಿ,

ಬರೆಯಬೇಡ ಅಂದಿದ್ದೆ. ಬರೆಯದೆ ಇದ್ದರೆ ಇದನ್ನೂ ಮುಚ್ಚಿಟ್ಟ ಹಾಗಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಓದದಿದ್ದರೂ ಸರಿ.

ಪಾಸಾದೆ. ಅಟೆಂಡರ್ ಈ ಸಲ ಏನೂ ಕೇಳಲಿಲ್ಲ. ಎಮರ್ಜೆನ್ಸಿಯಲ್ಲಿ ನನ್ನ ಕೆಲಸ ಹೆಚ್ಚೇನಿಲ್ಲ. ರಕ್ತ ತೆಗೆಯುವುದು, ಗಾಯ ತೊಳೆಯುವುದು, ಸ್ಟ್ರೆಚರ್ ತಳ್ಳುವುದು, ಸೀನಿಯರ್ ಕೈಲಿ ಬೈಸಿಕೊಳ್ಳುವುದು.

ಹೋದ ವಾರ ಒಬ್ಬ ಮುದುಕರನ್ನು ಕರೆತಂದರು. ವಾಚ್ ರಿಪೇರಿಯವರು, ಅಂಗಡಿಯಲ್ಲೇ ಕುಸಿದಿದ್ದರು. ತಲೆಯೊಳಗೆ ರಕ್ತ ಸುರಿದಿತ್ತು. ಸಂಜೆ ತನಕ ಉಳಿದರೆ ಹೆಚ್ಚು ಎಂದು ಮೇಡಂ ಅಂದರು. ಹೊರಗಿನ ಬೆಂಚಿನಲ್ಲಿ ಅವರ ಅಕ್ಕ ಕೂತಿದ್ದರು, ನಿನ್ನ ವಯಸ್ಸು. ಆಕೆಯ ಮಗ ನನ್ನನ್ನು ಮೂಲೆಗೆ ಕರೆದು, "ಅಮ್ಮಂಗೆ ಬಿಪಿ ಇದೆ. ಮಾವ ಪರವಾಗಿಲ್ಲ, ಮಲಗಿದಾರೆ ಅಂತ ಹೇಳ್ಬಿಡಿ. ನಾನು ಮನೆಗೆ ಕರ್ಕೊಂಡು ಹೋಗ್ತೀನಿ" ಎಂದರು. ಒಳ್ಳೆಯ ಮನುಷ್ಯರೇ. ಥೇಟು ಅಪ್ಪನ ಧ್ವನಿ.

ನಾನು ಆಗಲಿ ಅನ್ನಲಿಲ್ಲ. ಸೀನಿಯರನ್ನೂ ಕೇಳಲಿಲ್ಲ. ಬೆಂಚಿನ ಹತ್ತಿರ ಹೋಗಿ ಅವರ ಮುಂದೆ ಕೂತು, "ಅಮ್ಮ, ನಿಮ್ಮ ತಮ್ಮ ಸಾಯ್ತಿದಾರೆ. ಈಗ ಇನ್ನೂ ಉಸಿರಿದೆ. ಒಳಗೆ ಬರ್ತೀರಾ?" ಎಂದೆ.

ಮಗ ಕೂಗಾಡಿದರು. ನನ್ನ ಮೇಲೆ ಕಂಪ್ಲೇಂಟ್ ಕೊಡುತ್ತೇನೆ ಎಂದರು, ಕೊಟ್ಟರು ಕೂಡ. ಆಕೆ ಮಗನ ಕಡೆ ನೋಡಲೇ ಇಲ್ಲ. ಕಾಲಲ್ಲೇ ತಡಕಿ ಚಪ್ಪಲಿ ಹುಡುಕಿದರು, ಸಿಗಲಿಲ್ಲ, ಬರಿಗಾಲಲ್ಲೇ ಎದ್ದು ಬಂದರು. ಒಂದು ಸ್ಟೂಲ್ ಹಾಕಿಕೊಟ್ಟೆ. ತಮ್ಮನ ಕೈ ಹಿಡಿದುಕೊಂಡು ಕಿವಿಯ ಹತ್ತಿರ ಏನೇನೋ ಮಾತಾಡುತ್ತಾ ಕೂತರು. ಮಧ್ಯಾಹ್ನ ಆ ಮುದುಕರು ಸತ್ತರು.

ಮೇಡಂ ಆಮೇಲೆ, ಕೇಳದೆ ಯಾಕೆ ಹೇಳಿದೆ ಎಂದು ಎಲ್ಲರ ಮುಂದೆ ಬೈದರು. ಬೈದದ್ದು ಸರಿ. ಕೇಳಲು ಹೋಗಿದ್ದರೆ ಹೊತ್ತು ಮೀರುತ್ತಿತ್ತು.

ಕ್ಷಮಿಸು ಎಂದು ಕೇಳಲು ಬರೆದ ಕಾಗದ ಅಲ್ಲ ಇದು.

ನಿನ್ನ ಮೊಮ್ಮಗಳು

&nbsp;

ಸೆಪ್ಟೆಂಬರ್ 28

ಕಾಗದ ಬಂತು. ಓದಬಾರದು ಎಂದು ದಿಂಬಿನ ಕೆಳಗೆ ಹಾಕಿದೆ. ಎರಡು ದಿನ ಯಾವ ಮಗ್ಗುಲಿಗೆ ತಿರುಗಿದರೂ ಚರಪರ ಅನ್ನುತ್ತಿತ್ತು. ಓದಿದೆ.

ಈಗ ಕೋಲು ಹಿಡಿದು ಒಂದು ಮಹಡಿ ಇಳಿದು ಹತ್ತುತ್ತೇನೆ. ನಿನ್ನಪ್ಪ ಎರಡು ಮೆಟ್ಟಿಲು ಕೆಳಗೆ ಕೈ ಚಾಚಿಕೊಂಡು ಹಿಂದುಹಿಂದಕ್ಕೆ ಇಳಿಯುತ್ತಾನೆ, ಬಿದ್ದರೆ ಹಿಡಿಯಲು. ನಮ್ಮಿಬ್ಬರ ನಡುವೆ ಮಾತಿಲ್ಲ. ಅವನು "ನಿಧಾನ" ಅನ್ನುತ್ತಾನೆ, ನಾನು ಗೋಡೆಗೆ "ಗೊತ್ತು" ಅನ್ನುತ್ತೇನೆ. ನಿನ್ನಮ್ಮ ನಡುವೆ ಸಿಕ್ಕಿಕೊಂಡು ಸೊರಗಿದ್ದಾಳೆ.

ನೀನು ಬರೆದದ್ದು ಓದಿ ನನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದರೆ ಆ ಆಸೆ ಬಿಡು. ಹೊಟ್ಟೆ ಉರಿಯಿತು. ಆ ಹೆಂಗಸಿನ ಮೇಲೆ. ಅವಳು ಯಾರೋ, ಅವಳ ತಮ್ಮ ಯಾರೋ. ಬರಿಗಾಲಲ್ಲಿ ಎದ್ದು ಹೋಗಬೇಕಾದವಳು ನಾನು. ಆ ಸ್ಟೂಲು ನನ್ನದು. ನನ್ನ ಪಾಲನ್ನು ತೆಗೆದು ದಾರಿಯಲ್ಲಿ ಸಿಕ್ಕವಳಿಗೆ ಬಡಿಸಿದ್ದೀಯ. ಅವಳು ಉಂಡಳು, ನಾನು ಇಲ್ಲಿ ಎಲೆ ಮುಂದೆ ಕೂತಿದ್ದೇನೆ. ಹೊಟ್ಟೆಕಿಚ್ಚು ಪಡುವ ವಯಸ್ಸಲ್ಲ ನನ್ನದು, ಆದರೂ ಪಟ್ಟೆ. ಇನ್ನೂ ಪಡುತ್ತಿದ್ದೇನೆ.

ಅವಳನ್ನು ಒಳಗೆ ಬಿಡಬಾರದಿತ್ತು ಎಂದು ಬರೆಯೋಣ ಅಂದುಕೊಂಡೆ. ಕೈ ಬರಲಿಲ್ಲ.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುವ ಹಾಗೆ ಆದರೆ ತಿಳಿಸುತ್ತೇನೆ, ಆಗದಿದ್ದರೆ ಅದನ್ನೂ ತಿಳಿಸುತ್ತೇನೆ. ರಜೆಗೆ ಬರಬೇಡ ಎಂದು ನಾನು ಹೇಳಿಲ್ಲ. ಬಾ ಎಂದೂ ಹೇಳುತ್ತಿಲ್ಲ.

ಒಂದು ಮಾತು ಮಾತ್ರ ನೀನು ಬರೆದಿಲ್ಲ. ನಾಲ್ಕು ಸಲ ಓದಿದೆ, ಎಲ್ಲೂ ಇಲ್ಲ. ಅವಳು ಒಳಗೆ ಹೋಗಿ ಕೈ ಹಿಡಿದುಕೊಂಡಾಗ ಅವನಿಗೆ ತಿಳಿಯಿತಾ, ಅಕ್ಕ ಬಂದಿದ್ದಾಳೆ ಎಂದು?

ನೀನು ಪಕ್ಕದಲ್ಲೇ ಇದ್ದೆಯಲ್ಲ, ನೋಡಿರುತ್ತೀ. ತಿಳಿಯಲಿಲ್ಲ ಎಂದರೆ ತಿಳಿಯಲಿಲ್ಲ ಎಂದೇ ಬರೆ.

ಅಜ್ಜಿ